ಪಾಲುದಾರರ ರಂಗಮಂಡಳಿ: ಮೊಲಿಯೇರ್ ಮತ್ತು ಅವನ ಸಂಗಾತಿಗಳು

ಫ್ರೆಂಚ್ ನಾಟಕಕಾರ ಮೊಲಿಯೇರ್ ಕನ್ನಡಕ್ಕೆ ಬಂದುದು ಪಠ್ಯವಾಗಿ. ಎ.ಎನ್. ಮೂರ್ತಿರಾಯರ ‘ಆಷಾಢಭೂತಿ’ಯ ಮೂಲಕ ಅವನ ‘ತಾರ್ತುಫ್’ ಇಲ್ಲಿನ ಓದುಗರಿಗೂ ಪ್ರೇಕ್ಷಕರಿಗೂ ಪರಿಚಿತವಾಯಿತು. ಪ್ರಹಸನದ ಪ್ರಸ್ತಾಪ ಬಂದಾಗಲೆಲ್ಲ ಅವನ ಹೆಸರು ಕೇಳಿಬರುತ್ತದೆ. ಹೀಗೆ ಪಠ್ಯವಾಗಿ ಬಂದವನನ್ನು ಒಬ್ಬಂಟಿ ಪ್ರತಿಭೆಯೆಂದು ಗ್ರಹಿಸುವುದು ಸಹಜ. ಆದರೆ ಅವನು ಮೂವತ್ತು ವರ್ಷಗಳ ಕಾಲ ಬದುಕಿದ್ದು ಒಂದು ನಟಮಂಡಳಿಯ ಪಾಲುದಾರನಾಗಿ; ನಾಟಕ ಬರೆಯತೊಡಗಿದ್ದು ಆ ಮಂಡಳಿಗೆ ನಾಟಕಗಳು ಬೇಕಾದುದರಿಂದ. ಮೊಲಿಯೇರನ ಮಂಡಳಿ ಎಂದು ಹೇಳುವ ರೂಢಿಯಿದೆ; ಮಂಡಳಿಯ ಮೊಲಿಯೇರ್ ಎಂದು ಹೇಳಿದರೆ ಅವನ ಜೀವನಚರಿತ್ರೆಗೆ ಹೆಚ್ಚು ನ್ಯಾಯ ಸಲ್ಲುತ್ತದೆ.

ಅವನ ನಿಜನಾಮ ಜಾನ್ ಬಾಪ್ತಿಸ್ತ್ ಪೊಕ್ಲೆನ್. 1622ರ ಜನವರಿ 15ರಂದು ಪ್ಯಾರಿಸ್ಸಿನಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ತಂದೆ ಜಾನ್ ಪೊಕ್ಲೆನ್ ಪರದೆ, ಹಾಸು, ಮೆತ್ತೆಯ ಪೀಠೋಪಕರಣಗಳ ಸ್ಥಿತಿವಂತ ವ್ಯಾಪಾರಿ. 1631ರಲ್ಲಿ ಆತ ಅರಮನೆಯಲ್ಲಿ ಇದೇ ಕಸುಬಿಗೆ ಸಂಬಂಧಿಸಿದ, ರಾಜನ ಪರಿಚಾರಕ ಪದವಿಯೂ ಸೇರಿದ್ದ ಒಂದು ಹುದ್ದೆಯನ್ನು ಪಡೆದುಕೊಂಡ. ಆ ಕಾಲದ ಫ್ರಾನ್ಸಿನಲ್ಲಿ ಇಂಥ ಹುದ್ದೆಗಳನ್ನು ಕೊಳ್ಳಲೂಬಹುದಿತ್ತು, ಮಗನಿಗೆ ಬಿಟ್ಟುಕೊಡಲೂಬಹುದಿತ್ತು. 1632ರಲ್ಲಿ ತಾಯಿ ಮಾರಿ ಕ್ರೆಸ್ಸೆ ತೀರಿಕೊಂಡಳು. ಹುಡುಗ ಜೆಸ್ಯೂಟ್ ಪಾದ್ರಿಗಳು ನಡೆಸುತ್ತಿದ್ದ ಕ್ಲೆರ್ಮೋನ್ ವಿದ್ಯಾಲಯದಲ್ಲಿ ಓದಿದ. 1637ರಲ್ಲಿ ತಂದೆಯ ಹುದ್ದೆಗೆ ಉತ್ತರಾಧಿಕಾರಿಯಾಗಿ ಪ್ರಮಾಣವನ್ನೂ ಸ್ವೀಕರಿಸಿದ. ದಾರಿ ನೇರವಾಗಿಯೇ ಇತ್ತು. 1643ರ ಜನವರಿಯಲ್ಲಿ ಆ ಹಕ್ಕನ್ನು ತೊರೆದು, ತಾಯಿಯ ಆಸ್ತಿಯಲ್ಲಿ ತನಗೆ ಬರಬೇಕಾದ ಪಾಲಿನಿಂದ 630 ಲೀವ್ರ್ ಹಣವನ್ನು ಪಡೆದು ಅವನು ಮನೆಯಿಂದ ಹೊರಬಂದ.

ಅದೇ ವರ್ಷದ ಜೂನ್ 30ರಂದು, ಮಾರಿ ಎರ್ವೆ ಎಂಬ ವಿಧವೆಯ ಮನೆಯಲ್ಲಿ, ಒಂದು ಕರಾರುಪತ್ರಕ್ಕೆ ಹತ್ತು ಮಂದಿ ಸಹಿ ಹಾಕಿದರು. ‘ಇಲ್ಯೂಸ್ತ್ರ್ ತೆಯಾತ್ರ್’ ಎಂಬ ರಂಗಮಂಡಳಿ ಹುಟ್ಟಿದ್ದು ಹೀಗೆ. ದೆನಿ ಬೆಯ್ಸ್, ಜೆರ್ಮೆನ್ ಕ್ಲೆರಿನ್, ಜಾನ್ ಬಾಪ್ತಿಸ್ತ್ ಪೊಕ್ಲೆನ್, ಜೋಸೆಫ್ ಬೆಝಾರ್, ನಿಕೊಲಾ ಬೊನಾಂಫಾನ್, ಜಾರ್ಜ್ ಪಿನೆಲ್, ಮದ್ಲೆನ್ ಬೆಝಾರ್, ಮದ್ಲೆನ್ ಮಲಾಂಗ್ರ್, ಕಾತ್ರೀನ್ ದೆಸುರ್ಲಿ, ಜೆನೆವಿಯೆವ್ ಬೆಝಾರ್ ಎಂಬ ಈ ಹತ್ತು ಹೆಸರುಗಳಲ್ಲಿ ಮೂರು ಒಂದೇ ಕುಟುಂಬದವು; ಮಾರಿ ಎರ್ವೆ ಆ ಮೂವರ ತಾಯಿ. ಮಗನ ಮನಸ್ಸನ್ನು ತಿರುಗಿಸಲೆಂದು ತಂದೆ ಕಳುಹಿಸಿದ ಶಿಕ್ಷಕನೊಬ್ಬ ತಾನೇ ಮಂಡಳಿಗೆ ಸೇರಿಬಿಟ್ಟನೆಂಬ ಕಥೆಯನ್ನು ಷಾರ್ಲ್ ಪೆರೋ ಬರೆದಿಟ್ಟಿದ್ದಾನೆ. ಆ ಶಿಕ್ಷಕ ಈ ಪಿನೆಲನೇ ಎಂದು ಗುರುತಿಸುವುದುಂಟು. ಪ್ರಹಸನಕ್ಕೆ ತಕ್ಕ ಕಥೆಯಾದ್ದರಿಂದ ಅದನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕಾಗುತ್ತದೆ.

ಕರಾರಿನ ನಿಬಂಧನೆಗಳು ಗಮನಾರ್ಹವಾಗಿವೆ. ಮಂಡಳಿಗೆ ಒಡೆಯನಿಲ್ಲ. ಹೊಸ ನಾಟಕದ ಪಾತ್ರಗಳನ್ನು ಅದರ ಕರ್ತೃ ಹಂಚುತ್ತಾನೆ, ಅದಕ್ಕೆ ಯಾರೂ ತಕರಾರು ಎತ್ತುವಂತಿಲ್ಲ. ಆಗಲೇ ಅಚ್ಚಾದ ನಾಟಕವಾದರೆ, ಕರ್ತೃವಿನ ತೀರ್ಮಾನವಿಲ್ಲದಿದ್ದಲ್ಲಿ, ಬಹುಮತದಿಂದ ಪಾತ್ರ ನಿರ್ಣಯವಾಗುತ್ತದೆ. ನಾಯಕನ ಪಾತ್ರವನ್ನು ಕ್ಲೆರಿನ್, ಪೊಕ್ಲೆನ್, ಜೋಸೆಫ್ ಬೆಝಾರ್ ಈ ಮೂವರು ಸರದಿಯ ಮೇಲೆ ಮಾಡಬೇಕು. ಮಂಡಳಿ ಬಿಡುವವರು ನಾಲ್ಕು ತಿಂಗಳು ಮೊದಲೇ ತಿಳಿಸಬೇಕು. ಈ ಸಮಾನತೆಗೆ ಒಂದೇ ಒಂದು ಅಪವಾದವಿದೆ: ತನಗೆ ಇಷ್ಟವಾದ ಪಾತ್ರವನ್ನು ಆರಿಸಿಕೊಳ್ಳುವ ವಿಶೇಷಾಧಿಕಾರ ಮದ್ಲೆನ್ ಬೆಝಾರಳಿಗೆ ಇತ್ತು.

ಈ ಅಪವಾದವೇ ಮಂಡಳಿಯ ಮೂಲಶಕ್ತಿ ಎಲ್ಲಿತ್ತೆಂಬುದನ್ನು ತಿಳಿಸುತ್ತದೆ. 1618ರಲ್ಲಿ ಹುಟ್ಟಿದ ಮದ್ಲೆನ್ ಆಗ ಇಪ್ಪತ್ತೈದರ ಹರೆಯದ ಅನುಭವಿ ನಟಿ. 1636ರಷ್ಟು ಹಿಂದೆಯೇ ನಾಟಕಕಾರ ರೊತ್ರೂವಿನ ಕೃತಿಯೊಂದರ ಮುದ್ರಿತ ಪ್ರತಿಯಲ್ಲಿ ಅವಳ ಪದ್ಯ ಅಚ್ಚಾಗಿತ್ತು. ಹಣಕಾಸಿನ ವ್ಯವಹಾರ ಬಲ್ಲವಳು, ಶ್ರೀಮಂತ ವಲಯಗಳ ಪರಿಚಯವಿದ್ದವಳು. ಇಪ್ಪತ್ತೊಂದರ ಪೊಕ್ಲೆನ್ ರಂಗಭೂಮಿಗೆ ಹೊಸಬ. ಇವರಿಬ್ಬರ ಸಂಬಂಧವನ್ನು ಪ್ರೇಮಪ್ರಸಂಗವಾಗಿ ಮಾತ್ರ ಚಿತ್ರಿಸುವ ಜೀವನಚರಿತ್ರೆಗಳು ಬಹಳ ಬಂದಿವೆ. ಪ್ರೇಮ ಇದ್ದೀತು, ಅದಕ್ಕಿಂತ ಸ್ಪಷ್ಟವಾಗಿ ದಾಖಲೆಯಲ್ಲಿ ಕಾಣುವುದು ಇಪ್ಪತ್ತೊಂಬತ್ತು ವರ್ಷಗಳ ಸಹವೃತ್ತಿ. ಸ್ಥಾಪಕರೆಂದು ಒಬ್ಬರನ್ನೇ ಹೆಸರಿಸಬೇಕಾದರೆ ಅದು ಮದ್ಲೆನಳ ಹೆಸರಾಗಬೇಕು.

ಮಂಡಳಿ ಬಾಡಿಗೆಗೆ ಹಿಡಿದದ್ದು ಮೆತಾಯೆ ಎಂಬ ಚೆಂಡಾಟದ ಅಂಗಣವನ್ನು. ಟೆನಿಸ್ಸಿನ ಪೂರ್ವರೂಪವಾದ ಆಟಕ್ಕಾಗಿ ಕಟ್ಟಿದ ಉದ್ದನೆಯ ಇಂಥ ಕಟ್ಟಡಗಳು ಪ್ಯಾರಿಸ್ಸಿನಲ್ಲಿ ಹಲವಿದ್ದವು. ಒಂದು ತುದಿಗೆ ವೇದಿಕೆ ಕಟ್ಟಿದರೆ ನಾಟಕಶಾಲೆಯಾಗುತ್ತಿತ್ತು. ದುರಸ್ತಿ ನಡೆಯುತ್ತಿದ್ದಾಗ ರೂಆನ್ ನಗರದಲ್ಲಿ ಆಡಿ ಬಂದ ಮಂಡಳಿ 1644ರ ಜನವರಿ 1ರಂದು ಪ್ಯಾರಿಸ್ಸಿನಲ್ಲಿ ಬಾಗಿಲು ತೆರೆಯಿತು. ಮೊಲಿಯೇರ್ ಎಂಬ ಹೆಸರು ಮೊದಲ ಬಾರಿಗೆ ಸಹಿಯಾಗಿ ಕಾಣಿಸಿಕೊಳ್ಳುವುದು ಅದೇ ವರ್ಷದ ಜೂನಿನ ದಾಖಲೆಯೊಂದರಲ್ಲಿ. ಆ ಹೆಸರನ್ನು ಅವನು ಏಕೆ ಆರಿಸಿಕೊಂಡನೆಂಬುದಕ್ಕೆ ತೃಪ್ತಿಕರ ವಿವರಣೆ ಯಾರಿಂದಲೂ ಬಂದಿಲ್ಲ.

ನಗರದಲ್ಲಿ ಆಗಲೇ ಓತೆಲ್ ದ ಬೂರ್ಗೊಞ್ ಮತ್ತು ಮಾರೆ ಎಂಬ ಎರಡು ಬಲವಾದ ಮಂಡಳಿಗಳಿದ್ದವು. ದುರಂತ ನಾಟಕಗಳಲ್ಲಿ ಅವುಗಳೊಡನೆ ಸೆಣಸಲು ಹೊರಟ ಹೊಸಬರಿಗೆ ಪ್ರೇಕ್ಷಕರು ಸಾಕಷ್ಟು ದೊರೆಯಲಿಲ್ಲ. ಡಿಸೆಂಬರಿನಲ್ಲಿ ನದಿಯಾಚೆಯ ಇನ್ನೊಂದು ಚೆಂಡಾಟದ ಅಂಗಣಕ್ಕೆ ಸ್ಥಳ ಬದಲಾಯಿಸಿದ್ದೂ ಫಲಕೊಡಲಿಲ್ಲ. ಸಾಲಕ್ಕೆ ಮಾರಿ ಎರ್ವೆ ಜಾಮೀನು ನಿಂತಳು. ಹತ್ತರಲ್ಲಿ ಹಲವರು ಬಿಟ್ಟುಹೋದರು. 1645ರ ಆಗಸ್ಟಿನಲ್ಲಿ ರಂಗಕ್ಕೆ ಮೇಣದಬತ್ತಿ ಒದಗಿಸುತ್ತಿದ್ದ ವ್ಯಾಪಾರಿ ಬಾಕಿಗಾಗಿ ದೂರು ಕೊಟ್ಟು ಮೊಲಿಯೇರನನ್ನು ಶಾತಲೆ ಸೆರೆಮನೆಗೆ ಸೇರಿಸಿದ. ಬೆಳಕಿನ ಬಾಕಿಗಾಗಿ ನಟ ಸೆರೆ ಸೇರಿದ್ದು ಆ ಕಾಲದ ರಂಗಭೂಮಿಯ ಖರ್ಚಿನ ಸ್ವರೂಪವನ್ನೂ ಸೂಚಿಸುತ್ತದೆ. ಮೇಣದಬತ್ತಿಯೇ ದೊಡ್ಡ ವೆಚ್ಚಗಳಲ್ಲೊಂದು. ಬೀದಿಗೆ ಕಲ್ಲು ಹಾಸುವ ಗುತ್ತಿಗೆದಾರ ಲೆಯೊನಾರ್ ಒಬ್ರಿ ಹೊಣೆ ನಿಂತು ಅವನನ್ನು ಬಿಡಿಸಿದ. ಅಲ್ಲಿಗೆ ‘ಇಲ್ಯೂಸ್ತ್ರ್ ತೆಯಾತ್ರ್’ ಎಂಬ ಹೆಸರು ಮುಗಿಯಿತು.

ಮುಗಿಯದೆ ಉಳಿದದ್ದು ಜನರ ಬಂಧ. ಮೊಲಿಯೇರ್ ಮನೆಗೆ ಮರಳಬಹುದಿತ್ತು, ಮರಳಲಿಲ್ಲ. ಮದ್ಲೆನ್, ಜೋಸೆಫ್, ಜೆನೆವಿಯೆವ್ ಅವರೊಡನೆ ಪ್ಯಾರಿಸ್ ಬಿಟ್ಟು, ಷಾರ್ಲ್ ಡ್ಯುಫ್ರೆನ್ ನಡೆಸುತ್ತಿದ್ದ ಸಂಚಾರಿ ಮಂಡಳಿಯನ್ನು ಸೇರಿದ. ಸುಮಾರು ಹದಿಮೂರು ವರ್ಷಗಳ ಈ ಅಲೆದಾಟದ ಅವಧಿ ನಾಂತ್, ತುಲೂಸ್, ಲಿಯಾನ್, ಪೆಝೆನಾ, ಮೊಂಪೆಲಿಯೆ, ಗ್ರೆನೋಬ್ಲ್ ಮೊದಲಾದ ಊರುಗಳಲ್ಲಿ ಹರಡಿಕೊಂಡಿದೆ. ಎಪೆರ್ನೋನ್ ಡ್ಯೂಕ್, ಆಮೇಲೆ ಕೊಂತಿಯ ರಾಜಕುಮಾರ ಆಶ್ರಯ ಕೊಟ್ಟರು. ಕೊಂತಿ ಧಾರ್ಮಿಕ ಪರಿವರ್ತನೆಗೆ ಒಳಗಾಗಿ ರಂಗಭೂಮಿಯ ವೈರಿಯೇ ಆದಾಗ ಆ ಆಶ್ರಯವೂ ಕಳಚಿತು. ಇಟಲಿಯ ಮುಖವಾಡದ ಪ್ರಹಸನ, ಸ್ಥಳೀಯ ಹಾಸ್ಯ, ಹಳೆಯ ಫಾರ್ಸು ಎಲ್ಲವನ್ನೂ ಮಂಡಳಿ ಅರಗಿಸಿಕೊಂಡಿತು. ಮುಖ್ಯವಾಗಿ ದ್ಯು ಪಾರ್ಕ್ ದಂಪತಿ, ಕಾತ್ರೀನ್ ದ ಬ್ರೀ ಮೊದಲಾದವರು ಬಂದು ಸೇರಿದರು. ಡ್ಯುಫ್ರೆನನ ಕೈಯಿಂದ ನೇತೃತ್ವ ನಿಧಾನವಾಗಿ ಮೊಲಿಯೇರನಿಗೆ ಬಂತು. ಅವನ ಮೊದಲ ಪೂರ್ಣಪ್ರಮಾಣದ ನಾಟಕ ‘ಲೆತೂರ್ದಿ’ ಲಿಯಾನಿನಲ್ಲಿ, ಎರಡನೆಯದು 1656ರಲ್ಲಿ ಬೆಝಿಯೆಯಲ್ಲಿ ಪ್ರದರ್ಶಿತವಾದವು. ಆಗ ಅವನಿಗೆ ಮೂವತ್ತು ದಾಟಿತ್ತು. ಲೇಖಕನಾಗಬೇಕೆಂದು ಮನೆ ಬಿಟ್ಟವನಲ್ಲ ಅವನು, ನಟನಾಗಲು ಬಿಟ್ಟವನು.

1658ರ ಅಕ್ಟೋಬರ್ 24ರಂದು ಲೂವ್ರ್ ಅರಮನೆಯ ಕಾವಲುಕೋಣೆಯಲ್ಲಿ ಹದಿನಾಲ್ಕನೆಯ ಲೂಯಿಯ ಎದುರು ಮಂಡಳಿ ಆಡಿತು. ಮೊದಲು ಕಾರ್ನೇಯ್‌ನ ದುರಂತ ನಾಟಕ ‘ನಿಕೊಮೇದ್’. ಅನಂತರ ಅನುಮತಿ ಬೇಡಿ ಆಡಿದ, ಇಂದು ಲಭ್ಯವಿಲ್ಲದ ಒಂದು ಪುಟ್ಟ ಪ್ರಹಸನ. ಅರಸನನ್ನು ಗೆದ್ದದ್ದು ಪ್ರಹಸನ. ಅರಸನ ತಮ್ಮನ ಹೆಸರಿನ ಆಶ್ರಯವೂ, ಇಟಲಿಯ ನಟರೊಡನೆ ಹಂಚಿಕೊಳ್ಳಬೇಕಾದ ಪೆತಿ ಬೂರ್ಬೋನ್ ರಂಗಮಂದಿರವೂ ದೊರೆತವು. ತಮ್ಮ ಅರಸ ತಲಾ 300 ಲೀವ್ರ್ ವೇತನವನ್ನು ಘೋಷಿಸಿದ. ಆ ಹಣ ಎಂದೂ ಕೈಸೇರಲಿಲ್ಲವೆಂದು ಮಂಡಳಿಯ ಲೆಕ್ಕಪುಸ್ತಕ ತಿಳಿಸುತ್ತದೆ.

ಈ ಲೆಕ್ಕಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು. 1659ರ ಈಸ್ಟರ್ ವೇಳೆಗೆ ಸೇರಿದ ಲಾ ಗ್ರಾಂಜ್ ಎಂಬ ತರುಣ ನಟ ಅಂದಿನಿಂದ 1685ರವರೆಗೆ ದಿನದಿನದ ಪ್ರದರ್ಶನ, ಗಳಿಕೆ, ತಲಾ ಪಾಲು ಇವುಗಳನ್ನು ಬರೆದಿಟ್ಟ. ಖರ್ಚು ಕಳೆದು ಉಳಿದುದನ್ನು ಪಾಲುದಾರರು ಹಂಚಿಕೊಳ್ಳುತ್ತಿದ್ದರು. ಹೊಸಬರಿಗೆ ಅರ್ಧ ಪಾಲು ಇರಬಹುದಾಗಿತ್ತು. ಗಳಿಕೆ ಬಿದ್ದರೆ ಎಲ್ಲರ ಪಾಲೂ ಬಿತ್ತು. ಸಾವುಗಳು ಸಂಭವಿಸಿದ ದಿನಗಳ ಪಕ್ಕದಲ್ಲಿ ಅವನು ಕಪ್ಪು ವಜ್ರಾಕೃತಿಯನ್ನು ಬರೆಯುತ್ತಿದ್ದ. ಲೆಕ್ಕದ ಪುಸ್ತಕವೊಂದು ಇಷ್ಟು ಆಪ್ತವಾದ ಚರಿತ್ರೆಯಾಗಬಹುದೆಂಬುದು ರಂಗಭೂಮಿಯ ಸಂಶೋಧಕರಿಗೆ ಪಾಠವಾಗಬೇಕು. ಕನ್ನಡ ವೃತ್ತಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಯಜಮಾನ–ಸಂಬಳದ ನಟ ಎಂಬ ಸಂಬಂಧ. 1884ರಲ್ಲಿ ಕೆಲವು ಉತ್ಸಾಹಿಗಳು ಕೂಡಿ ಕಟ್ಟಿದ ಗುಬ್ಬಿ ಕಂಪನಿಯೂ ಮುಂದೆ ವೀರಣ್ಣನವರ ಒಡೆತನದಲ್ಲಿಯೇ ಉನ್ನತಿಗೇರಿತು. ಪಾಲಿನ ಪದ್ಧತಿಯೇ ಶ್ರೇಷ್ಠವೆಂದು ಇದರಿಂದ ಸಾಧಿಸಬೇಕಾಗಿಲ್ಲ. ಎರಡು ಪದ್ಧತಿಗಳು ಎರಡು ಬಗೆಯ ನಾಟಕವನ್ನು ಬೆಳೆಸುತ್ತವೆ ಎಂಬುದಷ್ಟೇ ಇಲ್ಲಿ ಪ್ರಸ್ತುತ.

1659ರ ನವೆಂಬರ್ 18ರಂದು ಆಡಿದ ‘ಲೆ ಪ್ರೆಸ್ಯೂಸ್ ರಿದಿಕ್ಯೂಲ್’ ಮಂಡಳಿಗೆ ಪ್ಯಾರಿಸ್ಸಿನಲ್ಲಿ ಭದ್ರ ಸ್ಥಾನ ಕೊಟ್ಟಿತು. ಅದರ ಮರುವರ್ಷವೇ ಪರೀಕ್ಷೆ ಬಂತು. 1660ರ ಅಕ್ಟೋಬರಿನಲ್ಲಿ, ಲೂವ್ರ್ ಅರಮನೆಯ ವಿಸ್ತರಣೆಗೆಂದು, ಮುನ್ಸೂಚನೆಯಿಲ್ಲದೆ ಪೆತಿ ಬೂರ್ಬೋನ್ ರಂಗಮಂದಿರವನ್ನು ಕೆಡವತೊಡಗಿದರು. ಅರಸ ಪಾಲೆ ರೊಯಾಲ್ ರಂಗಮಂದಿರವನ್ನು ಕೊಟ್ಟನಾದರೂ ಅದು ಶಿಥಿಲವಾಗಿತ್ತು. ಮೂರು ತಿಂಗಳು ಮಂಡಳಿಗೆ ಸ್ವಂತ ವೇದಿಕೆಯಿಲ್ಲ. ಗಣ್ಯರ ಮನೆಗಳಲ್ಲಿ ಆಡಿ ದಿನ ದೂಡಬೇಕು. ಎದುರಾಳಿ ಮಂಡಳಿಗಳು ಈ ಸಂದರ್ಭದಲ್ಲಿ ನಟರಿಗೆ ಆಮಿಷ ಒಡ್ಡಿದವು. ಒಬ್ಬರೂ ಕದಲಲಿಲ್ಲವೆಂದು ಲಾ ಗ್ರಾಂಜ್ ದಾಖಲಿಸಿದ್ದಾನೆ. ಮೊಲಿಯೇರನ ಮೇಲಣ ಪ್ರೀತಿಯನ್ನೇ ಅವನು ಕಾರಣವಾಗಿ ಕೊಡುತ್ತಾನೆ. ಆಗ ಒಡೆದಿದ್ದರೆ ‘ತಾರ್ತುಫ್’, ‘ಲ ಮಿಝಾಂತ್ರೋಪ್’ ಯಾವುವೂ ಈಗಿರುವ ರೂಪದಲ್ಲಿ ಇರುತ್ತಿರಲಿಲ್ಲ. 1661ರ ಜನವರಿ 20ರಂದು ಪಾಲೆ ರೊಯಾಲ್‌ನಲ್ಲಿ ಪ್ರದರ್ಶನ ಆರಂಭವಾಯಿತು. ಆ ಈಸ್ಟರಿನಲ್ಲಿ ಮೊಲಿಯೇರ್ ಒಂದರ ಬದಲು ಎರಡು ಪಾಲು ಕೇಳಿದ, ಸಂಗಾತಿಗಳು ಒಪ್ಪಿದರು. ಅವನು ಮದುವೆಯಾದರೆ ಆ ಎರಡನೆಯದು ಹೆಂಡತಿಯ ಪಾಲಾಗಬಹುದೆಂದೂ ದಾಖಲೆಯಿದೆ. ಮಂಡಳಿಯ ಪ್ರಮುಖ ಲೇಖಕನೂ ಹೆಚ್ಚಿನ ಪಾಲಿಗಾಗಿ ಸಭೆಯನ್ನು ಕೇಳಬೇಕಾಗಿತ್ತು ಎಂಬುದು ಗಮನಿಸತಕ್ಕದ್ದು.

1662ರ ಫೆಬ್ರವರಿ 20ರಂದು ಅವನು ಆರ್ಮಾಂಡ್ ಬೆಝಾರಳನ್ನು ಮದುವೆಯಾದ. ದಾಖಲೆಗಳ ಪ್ರಕಾರ ಅವಳು ಮದ್ಲೆನಳ ತಂಗಿ. ಮಗಳೆಂದು ವೈರಿಗಳು ಹಬ್ಬಿಸಿದರು. ಎದುರು ಮಂಡಳಿಯ ನಟ ಮೊಂಫ್ಲೂರಿ ಅರಸನಿಗೇ ದೂರಿತ್ತ. 1664ರ ಫೆಬ್ರವರಿಯಲ್ಲಿ ಅರಸ ಈ ದಂಪತಿಯ ಚೊಚ್ಚಲ ಮಗುವಿಗೆ ಧರ್ಮಪಿತನಾದುದೇ ದೂರಿಗೆ ಉತ್ತರವಾಯಿತು. ಆ ಮಗು ಅದೇ ವರ್ಷ ತೀರಿಕೊಂಡಿತು. ಈ ವಿವಾದದ ಬಗ್ಗೆ ಮೂರು ಶತಮಾನಗಳಿಂದ ಬರೆದದ್ದು ಬಹಳ, ತಿಳಿದದ್ದು ಕಡಿಮೆ.

ನಾಟಕಗಳೊಳಗೆ ಮಂಡಳಿ ಹೇಗೆ ಹಾಸುಹೊಕ್ಕಾಗಿದೆ ಎಂಬುದು ಹೆಚ್ಚು ಫಲಪ್ರದವಾದ ಪ್ರಶ್ನೆ. ‘ಲೆ ಪ್ರೆಸ್ಯೂಸ್ ರಿದಿಕ್ಯೂಲ್’ನಲ್ಲಿ ಲಾ ಗ್ರಾಂಜ್, ದ್ಯು ಕ್ರುವಾಝಿ, ಜೊದಲೆ ಮೂವರೂ ತಮ್ಮ ರಂಗನಾಮಗಳಿಂದಲೇ ಪಾತ್ರಗಳಾಗುತ್ತಾರೆ. ಸ್ಥೂಲಕಾಯನಾದ ದ್ಯು ಪಾರ್ಕನ ಮೈಕಟ್ಟೇ ಗ್ರೋ ರೆನೆ ಎಂಬ ಸೇವಕ ಪಾತ್ರದ ನಗೆಯ ಮೂಲ. ಬೆಝಾರರ ಕಿರಿಯ ಸೋದರ ಲೂಯಿ ಕುಂಟುತ್ತಿದ್ದ. 1668ರ ‘ಲಾವಾರ್’ನಲ್ಲಿ ಜಿಪುಣ ಆರ್ಪಗೋನ್ ತನ್ನ ಸೇವಕನ ಕುಂಟನ್ನು ಹಳಿಯುತ್ತಾನೆ. ಮೊಲಿಯೇರನ ತೀರದ ಕೆಮ್ಮು ಅದೇ ನಾಟಕದಲ್ಲಿ ಆರ್ಪಗೋನನ ಕೆಮ್ಮಾಯಿತು. 1670ರ ‘ಲ ಬೂರ್ಜ್ವಾ ಜಾಂತಿಯೋಮ್’ನ ಸೇವಕಿ ನಿಕೋಲ್ ನಗು ತಡೆಯಲಾರದೆ ಒದ್ದಾಡುವ ದೃಶ್ಯ ನಟಿ ಬೊವಾಲಳ ನಗುವಿಗೆ ಹೊಂದಿಸಿದ್ದು. ಅದೇ ನಾಟಕದ ಮನೆಯೊಡತಿಯ ಪಾತ್ರವನ್ನು ಯೂಬೆರ್ ಎಂಬ ನಟ ಮಾಡುತ್ತಿದ್ದ. ಸ್ತ್ರೀಪಾತ್ರಧಾರಿಗಳ ಪರಂಪರೆಯನ್ನು ಬಲ್ಲ ಕನ್ನಡ ರಂಗಭೂಮಿಗೆ ಇದು ವಿಚಿತ್ರವೆನಿಸದು. ನಟಿಯರಿದ್ದ ಮಂಡಳಿಯಲ್ಲಿಯೂ ಪ್ರೌಢ ಹೆಂಗಸಿನ ಹಾಸ್ಯಪಾತ್ರ ಗಂಡಸಿನ ಪಾಲಾಗಿತ್ತೆಂಬುದು ಮಾತ್ರ ವಿಶೇಷ. ‘ತಾರ್ತುಫ್’ನ ಚೂಟಿ ಮಾತಿನ ಸೇವಕಿ ದೊರೀನಳನ್ನು ಮದ್ಲೆನ್ ಅಭಿನಯಿಸಿದಳು. ದುರಂತ ನಾಯಕಿಯಾಗಿ ಪಾತ್ರ ಆರಿಸಿಕೊಳ್ಳುವ ಹಕ್ಕು ಪಡೆದಿದ್ದವಳು ಐವತ್ತರ ವಯಸ್ಸಿಗೆ ಸೇವಕಿಯ ಪಾತ್ರಕ್ಕೆ ಬಂದು, ಮನೆಯೆಲ್ಲ ಮೋಸಹೋದಾಗ ಕಣ್ಣು ತೆರೆದಿದ್ದವಳು ಸೇವಕಿಯೇ ಎಂಬುದನ್ನು ರಂಗದ ಮೇಲೆ ತೋರಿಸಿದಳು.

ಮಂಡಳಿಯೇ ವಸ್ತುವಾದ ನಾಟಕವೂ ಒಂದಿದೆ. 1663ರ ‘ಲಾಂಪ್ರೊಂಪ್ತ್ಯು ದ ವೆರ್ಸಾಯ್’ನಲ್ಲಿ ನಟರೆಲ್ಲ ಸ್ವಂತ ಹೆಸರಿನಿಂದ ರಂಗಕ್ಕೆ ಬರುತ್ತಾರೆ. ಅರಸ ಬರುವ ಹೊತ್ತಾಗಿದೆ, ಮಾತು ಬಾಯಿಗೆ ಬಂದಿಲ್ಲ, ಮೊಲಿಯೇರ್ ಪ್ರತಿಯೊಬ್ಬರಿಗೂ ಪಾತ್ರದ ಸ್ವಭಾವ ವಿವರಿಸುತ್ತ ಗಡಿಬಿಡಿ ಮಾಡುತ್ತಾನೆ, ನಟರು ಗೊಣಗುತ್ತಾರೆ. ತಾಲೀಮನ್ನೇ ಪ್ರದರ್ಶನವಾಗಿಸಿದ ಈ ಪುಟ್ಟ ನಾಟಕ ಅವನ ನಿರ್ದೇಶನ ಕ್ರಮಕ್ಕೆ ಸಿಗುವ ಅತ್ಯುತ್ತಮ ಸಾಕ್ಷ್ಯ. ಪಾಲು ಸಮವಾಗಿದ್ದರೂ ರಂಗದ ಮೇಲಿನ ತೀರ್ಮಾನ ಅವನದಾಗಿತ್ತೆಂಬುದನ್ನೂ ಅದು ಮುಚ್ಚಿಡುವುದಿಲ್ಲ.

1664ರ ಮೇ 12ರಂದು ವೆರ್ಸಾಯ್‌ನಲ್ಲಿ ಆಡಿದ ‘ತಾರ್ತುಫ್’ನ ಮೊದಲ ರೂಪ ಧಾರ್ಮಿಕ ವಲಯಗಳ ಒತ್ತಡದಿಂದ ನಿಷೇಧಕ್ಕೊಳಗಾಯಿತು. 1665ರಲ್ಲಿ ‘ಡಾಂ ಜುವಾನ್’ ಹದಿನೈದು ಪ್ರದರ್ಶನಗಳ ಬಳಿಕ ನಿಂತಿತು. ಅದೇ ಆಗಸ್ಟಿನಲ್ಲಿ ಅರಸ ಮಂಡಳಿಯನ್ನು ತನ್ನದೆಂದು ಕರೆದು 6000 ಲೀವ್ರ್ ವಾರ್ಷಿಕ ವೇತನ ಕೊಟ್ಟ. ನಿಷೇಧವನ್ನು ಮಾತ್ರ ತೆರವುಗೊಳಿಸಲಿಲ್ಲ. 1667ರ ಆಗಸ್ಟ್ 5ರಂದು ಹೆಸರು ಬದಲಿಸಿ ಮತ್ತೆ ಆಡಿದಾಗ ಮರುದಿನವೇ ತಡೆ ಬಂತು. ನೋಡುವವರಿಗೂ ಓದುವವರಿಗೂ ಬಹಿಷ್ಕಾರದ ಬೆದರಿಕೆಯನ್ನು ಪ್ಯಾರಿಸ್ಸಿನ ಆರ್ಚ್‌ಬಿಷಪ್ ಹೊರಡಿಸಿದ. ಅರಸ ಲೀಲ್ ನಗರದ ಮುತ್ತಿಗೆಯಲ್ಲಿದ್ದ. ಲಾ ಗ್ರಾಂಜ್ ಮತ್ತು ಲಾ ತೊರಿಲಿಯೆರ್ ಮನವಿಪತ್ರ ಹಿಡಿದು ಯುದ್ಧದ ಪಾಳೆಯಕ್ಕೇ ಹೋದರು. ಪ್ರಯಾಣಕ್ಕೆ ತಗಲಿದ 1000 ಲೀವ್ರ್ ಮಂಡಳಿಯದು. ಸುಮಾರು ಏಳು ವಾರ ಬಾಗಿಲು ಮುಚ್ಚಿದ್ದರಿಂದ ಆದ ನಷ್ಟವೂ ಮಂಡಳಿಯದು. ಒಬ್ಬ ಲೇಖಕನ ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆಯಾಗಿ ಇಂದು ಬೋಧಿಸಲಾಗುವ ಈ ಪ್ರಕರಣದ ಬೆಲೆಯನ್ನು ತೆತ್ತವರು ಹನ್ನೆರಡು ಮಂದಿಯ ಆಸುಪಾಸಿನ ಪಾಲುದಾರರು. 1669ರ ಫೆಬ್ರವರಿ 5ರಂದು ಅನುಮತಿ ದೊರೆತಾಗ ಮೊದಲ ದಿನದ ಗಳಿಕೆ 2860 ಲೀವ್ರ್.

ಬಿರುಕುಗಳೂ ಇಲ್ಲದಿರಲಿಲ್ಲ. ತರುಣ ರಸೀನ್‌ನ ಮೊದಲ ನಾಟಕವನ್ನು 1664ರಲ್ಲಿ ರಂಗಕ್ಕೆ ತಂದದ್ದು ಈ ಮಂಡಳಿ. 1665ರಲ್ಲಿ ಎರಡನೆಯ ನಾಟಕ ಇಲ್ಲಿ ನಡೆಯುತ್ತಿದ್ದಾಗಲೇ ಅವನು ಅದನ್ನು ಎದುರು ಮಂಡಳಿಗೂ ಕೊಟ್ಟ. ಒಂದೆರಡು ವರ್ಷಗಳಲ್ಲಿ ದ್ಯು ಪಾರ್ಕಳೂ ಅತ್ತ ಹೋದಳು. ಇದಕ್ಕೆ ವಿರುದ್ಧವಾದ ನಿದರ್ಶನ 1670ರ ಈಸ್ಟರಿನದು: ನಿವೃತ್ತನಾದ ಲೂಯಿ ಬೆಝಾರನಿಗೆ ಮಂಡಳಿ ಜೀವಾವಧಿ 1000 ಲೀವ್ರ್ ವಾರ್ಷಿಕ ವೇತನ ನಿಗದಿ ಮಾಡಿತು.

1672ರ ಫೆಬ್ರವರಿ 17ರಂದು ಮದ್ಲೆನ್ ತೀರಿಕೊಂಡಳು. ನಟವೃತ್ತಿಯನ್ನು ವಿಧಿವತ್ತಾಗಿ ತೊರೆದುದಾಗಿ ಅವಳು ಘೋಷಿಸಿದ್ದರಿಂದ ಚರ್ಚಿನ ಸಂಸ್ಕಾರ ದೊರೆಯಿತು. ಸರಿಯಾಗಿ ಒಂದು ವರ್ಷದ ಬಳಿಕ, 1673ರ ಫೆಬ್ರವರಿ 17ರಂದು, ‘ಲ ಮಲಾದ್ ಇಮಾಜಿನೇರ್’ನ ನಾಲ್ಕನೆಯ ಪ್ರದರ್ಶನವಿತ್ತು. ಅನಾರೋಗ್ಯದ ಭ್ರಮೆಯುಳ್ಳವನ ಪಾತ್ರ ನಿಜವಾದ ರೋಗಿಯದು. ಅಂದು ಆಡದಿರುವಂತೆ ಆಪ್ತರು ಬೇಡಿದಾಗ, ದಿನಗೂಲಿಯಿಂದ ಬದುಕುವ ರಂಗದ ಕೆಲಸಗಾರರ ಗತಿಯೇನೆಂದು ಅವನು ಕೇಳಿದನೆಂದು 1705ರ ಜೀವನಚರಿತ್ರೆಯಲ್ಲಿ ಗ್ರಿಮಾರೆ ಹೇಳುತ್ತಾನೆ. ಗ್ರಿಮಾರೆಯ ಎಲ್ಲ ಮಾತೂ ನಂಬತಕ್ಕದ್ದಲ್ಲ. ಆದರೆ ಮೂವತ್ತು ವರ್ಷ ಗಳಿಕೆಯನ್ನು ಎಣಿಸಿ ಹಂಚಿಕೊಂಡವನ ಬಾಯಲ್ಲಿ ಈ ಮಾತು ಅಸಹಜವೆನಿಸದು. ಕೊನೆಯ ದೃಶ್ಯದಲ್ಲಿ ಬಂದ ಸೆಳೆತವನ್ನು ನಗೆಯಿಂದ ಮರೆಮಾಡಿ ನಾಟಕ ಮುಗಿಸಿದ. ಅದೇ ರಾತ್ರಿ ಮನೆಯಲ್ಲಿ ಪ್ರಾಣ ಬಿಟ್ಟ. ಕರೆದ ಇಬ್ಬರು ಪಾದ್ರಿಗಳು ಬರಲೊಪ್ಪಲಿಲ್ಲ. ಮೂರನೆಯವನು ಬರುವಷ್ಟರಲ್ಲಿ ತಡವಾಗಿತ್ತು. ವೃತ್ತಿಯನ್ನು ತೊರೆದ ಘೋಷಣೆಯಿಲ್ಲದೆ ಸತ್ತ ನಟನಿಗೆ ಸಂಸ್ಕಾರವಿರಲಿಲ್ಲ. ಆರ್ಮಾಂಡ್ ಆರ್ಚ್‌ಬಿಷಪ್ಪನಿಗೆ ಮನವಿ ಸಲ್ಲಿಸಿ, ಅರಸನಲ್ಲಿಗೂ ಹೋಗಿ ಬೇಡಿದ ಮೇಲೆ, ಫೆಬ್ರವರಿ 21ರ ರಾತ್ರಿ ಆಡಂಬರವಿಲ್ಲದೆ ಹೂಳಲು ಅಪ್ಪಣೆಯಾಯಿತು.

ಒಂದು ವಾರದೊಳಗೆ ಮಂಡಳಿ ಮತ್ತೆ ಬಾಗಿಲು ತೆರೆಯಿತು. ಈಸ್ಟರಿನ ಹೊತ್ತಿಗೆ ಬಾರೋನ್, ಲಾ ತೊರಿಲಿಯೆರ್, ಬೊವಾಲ್ ದಂಪತಿ ಎದುರು ಮಂಡಳಿಗೆ ಹೋದರು. ಸಂಗೀತಗಾರ ಲುಲ್ಲಿ ತನ್ನ ಒಪೆರಾಕ್ಕಾಗಿ ಪಾಲೆ ರೊಯಾಲನ್ನು ಅರಸನಿಂದ ಪಡೆದುಕೊಂಡ. ಉಳಿದವರನ್ನು ಆರ್ಮಾಂಡ್ ಮತ್ತು ಲಾ ಗ್ರಾಂಜ್ ಹಿಡಿದು ನಿಲ್ಲಿಸಿ, ಗೆನೆಗೋ ಎಂಬ ರಂಗಮಂದಿರವನ್ನು ಕೊಂಡು, ಮಾರೆ ಮಂಡಳಿಯ ನಟರನ್ನು ಸೇರಿಸಿಕೊಂಡು ಜುಲೈನಲ್ಲಿ ಆಟ ಆರಂಭಿಸಿದರು. 1680ರಲ್ಲಿ ಅರಸನ ಆಜ್ಞೆಯಂತೆ ಓತೆಲ್ ದ ಬೂರ್ಗೊಞ್ ಮಂಡಳಿಯೂ ಇದರಲ್ಲಿ ವಿಲೀನವಾಗಿ ಕೊಮೆದಿ ಫ್ರಾಂಸೇಝ್ ರೂಪುಗೊಂಡಿತು. ಪಾಲುದಾರ ನಟರ ಪದ್ಧತಿ ಆ ಸಂಸ್ಥೆಯಲ್ಲಿ ಇಂದಿಗೂ ಉಳಿದಿದೆ.

ಮೊಲಿಯೇರನ ಯಾವ ನಾಟಕದ ಹಸ್ತಪ್ರತಿಯೂ ದೊರೆತಿಲ್ಲ. 1682ರಲ್ಲಿ ಅವನ ಸಮಗ್ರ ಕೃತಿಗಳ ಆವೃತ್ತಿಯನ್ನು ಸಿದ್ಧಪಡಿಸಿದವನು, ವಿವೋ ಎಂಬಾತನ ನೆರವಿನೊಂದಿಗೆ, ಅದೇ ಲಾ ಗ್ರಾಂಜ್. ಆವರೆಗೆ ಅಚ್ಚು ಕಾಣದಿದ್ದ ‘ಡಾಂ ಜುವಾನ್’, ‘ಲಾಂಪ್ರೊಂಪ್ತ್ಯು ದ ವೆರ್ಸಾಯ್’ ಮೊದಲಾದವು ಓದುಗರ ಕೈಸೇರಿದ್ದು ಆ ಆವೃತ್ತಿಯಲ್ಲಿ. ಅವೆರಡರಲ್ಲಿಯೂ ಲಾ ಗ್ರಾಂಜ್ ಪಾತ್ರ ವಹಿಸಿದ್ದ.